ಕಾಲು ಭೋಜರಾಜನ ಕೈ

ಒಂದು ಬೈಗೆ ಮೀನು ಮನಸ್ಸು ಮಾಡಿದರೆ ಏನು ಮಾಡಬಲ್ಲದು ಎಂಬುದು ಕೋಡಿ ಊರಿನವರಿಗೆ ತಿಳಿದದ್ದು ಆ ಭಾನುವಾರ. ಮೀನು ದೊಡ್ಡದೇನಲ್ಲ, ಬೆರಳುದ್ದ. ಯಾರದೋ ಬುಟ್ಟಿಯಿಂದ ಜಾರಿ, ದೋಣಿ ನಿಲ್ಲುವ ದಕ್ಕೆಯ ಮೆಟ್ಟಿಲ ಮೇಲೆ ಬಿದ್ದುಕೊಂಡು, ಸತ್ತ ಮೇಲೂ ಒಂದು ಕೆಲಸ ಬಾಕಿ ಇದೆ ಎಂಬಂತೆ ಕಣ್ಣು ಬಿಟ್ಟು ಕಾಯುತ್ತಿತ್ತು. ಅದರ ಮೇಲೆ ಬಂದು ಕೂತದ್ದು ಭೋಜರಾಜನ ಬಲಗಾಲು.

ಬೇರೆ ಯಾರ ಕಾಲಾಗಿದ್ದರೂ ಇದು ಕತೆಯಾಗುತ್ತಿರಲಿಲ್ಲ. ಭೋಜರಾಜ ಕಾಲು ಮುಂದಾಗಿ ಹುಟ್ಟಿದವ. ತಾಯಿಯ ಹೊಟ್ಟೆಯಿಂದ ತಲೆಗಿಂತ ಮೊದಲು ಕಾಲು ಹಾಕಿ ಬಂದವರು ಉಳುಕಿದ ಜಾಗಕ್ಕೆ ಮೂರು ಸಲ ಮೆಟ್ಟಿದರೆ ಉಳುಕು ಬಿಟ್ಟು ಓಡುತ್ತದೆ ಎಂಬುದು ನಮ್ಮ ಕಡೆ ಸೂರ್ಯ ಪಶ್ಚಿಮದ ಸಮುದ್ರದಲ್ಲಿ ಮುಳುಗುತ್ತಾನೆ ಎಂಬಷ್ಟೇ ಖಚಿತ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಸೊಂಟಗಳೆಲ್ಲ ಕೊಕ್ಕೆಯ ಹಾಗೆ ಬಾಗಿಕೊಂಡು ಬಸ್ಸಿನಲ್ಲಿ ಬಂದು, ಅವನ ಜಗಲಿಯಲ್ಲಿ ಮಕಾಡೆ ಮಲಗಿ ಒದೆಸಿಕೊಂಡು, ಧ್ವಜಸ್ತಂಭದ ಹಾಗೆ ನೆಟ್ಟಗಾಗಿ ಹೋಗುತ್ತಿದ್ದವು. ಯಾರ ಕಣ್ಣಿಗೂ ಕಣ್ಣು ಕೊಡದ ಪೊಲೀಸ್ ಸಾಹೇಬರೊಬ್ಬರು ಆ ಜಗಲಿಯಲ್ಲಿ ಒದೆಸಿಕೊಂಡು, ಎದ್ದು, ಒದ್ದವನಿಗೇ ಕೈಮುಗಿದು ಹೋದದ್ದುಂಟು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಸಮುದ್ರ ಬತ್ತಿಹೋಗಲಿ. ಬೇಕಾದರೆ ಕೋಡಿಗೆ ಹೋಗಿ ನೋಡಿ, ಸಮುದ್ರ ಅಲ್ಲೇ ಇದೆ.

ಅಂಥ ಕಾಲು ಜಾರಿತು. ಭೋಜರಾಜ ಬಿದ್ದ ಸದ್ದಿಗೆ ಹೊಳೆಯಾಚೆ ಗಂಗೊಳ್ಳಿಯ ನಾಯಿಗಳು ಬೊಗಳಿದವು. ಬೀಳುವವರೆಲ್ಲ ಮಾಡುವುದನ್ನೇ ಅವನೂ ಮಾಡಿದ: ಬಲ ಅಂಗೈ ಚಾಚಿ ನೆಲವನ್ನು ತಡೆಯಲು ಹೋದ. ನೆಲವನ್ನು ತಡೆಯುವುದು ಈವರೆಗೆ ಯಾರಿಂದಲೂ ಆಗಿಲ್ಲ. ಎದ್ದು ಸುತ್ತ ನೋಡಿದ. ಒಂದು ಕೊಕ್ಕರೆ ಬಿಟ್ಟರೆ ಕಂಡವರಿಲ್ಲ. ಕೊಕ್ಕರೆ ಮೀನು ಕಚ್ಚಿಕೊಂಡು ಹಾರಿತು. ಸಾಕ್ಷಿಯೂ ಹೋಯಿತು, ಪುರಾವೆಯೂ ಹೋಯಿತು.

ಬೇರೆ ದಿನವಾಗಿದ್ದರೆ ಮಾತು ಬೇರೆ. ಆ ಸಂಜೆ ಕಡಲ್‌ತೀರ ಗೆಳೆಯರ ಬಳಗದ ವಾರ್ಷಿಕೋತ್ಸವದಲ್ಲಿ ಅವನಿಗೆ ಸನ್ಮಾನ. ರಸ್ತೆ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತ್ತು: 'ಪಾದ ಧನ್ವಂತರಿ ಶ್ರೀ ಭೋಜರಾಜರಿಗೆ ಹಾರ್ದಿಕ ಅಭಿನಂದನೆಗಳು.' ಮೇಲೆ ಸಣ್ಣದಾಗಿ ಅವನ ಮುಖ, ಕೆಳಗೆ ಬಾಗಿಲಗಲಕ್ಕೆ ಅವನ ಬಲ ಪಾದ. ನಲವತ್ತು ವರ್ಷ ಊರಿಗೆ ಒದ್ದು ಒದ್ದು ಸಂಪಾದಿಸಿದ ಗೌರವ. ಉಳುಕು ತೆಗೆಯುವವನ ಕೈಯೇ ಉಳುಕಿದೆ ಎಂದು ಗೊತ್ತಾದರೆ ಆ ಫ್ಲೆಕ್ಸು ಕೋಳಿಗೂಡಿನ ಮಾಡಿಗೆ ಹೊದಿಕೆಯಾದೀತು.

ಮನೆಗೆ ಬಂದವನೇ ರೂಢಿಯಂತೆ ನಶ್ಯದ ಡಬ್ಬಿ ತೆಗೆದ. ಹೆಬ್ಬೆರಳನ್ನು ಸೆಟೆಸಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ನರಗಳ ನಡುವೆ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಚಿಟಿಕೆ ನಶ್ಯ ಸುರಿದು ಏರಿಸುವುದು ಅವನ ಕ್ರಮ. ಆವತ್ತು ಹೆಬ್ಬೆರಳು ಸೆಟೆಯಿತು, ಗುಳಿ ಬೀಳಲಿಲ್ಲ. ಉದ್ದಿನ ವಡೆಯ ಹಾಗೆ ಉಬ್ಬಿತ್ತು. ಡಬ್ಬಿಯ ಅಂಚು ತಾಗಿದ್ದೇ ತಡ, ನಶ್ಯ ಮೂಗಿಗೆ ಹೋಗುವ ಮೊದಲೇ ಕಣ್ಣಲ್ಲಿ ನೀರು ಬಂತು. ಡಬ್ಬಿ ಬಿಟ್ಟು ಎಡಗೈಯಿಂದ ಚಾ ಲೋಟ ಎತ್ತಿಕೊಂಡ.

ಮೀನು ಕೊಯ್ಯುತ್ತಿದ್ದ ಹೆಂಡತಿ ಜಲಜ ತಲೆ ಎತ್ತಿದಳು. "ಎಂತ ಆಯ್ತ್ ನಿಮ್ಗೆ? ಮುಖ ಸುಟ್ಟ ಬದ್ನಿಕಾಯಿ ಕಣಂಗೆ ಆಯಿತ್ತಲೆ!"

"ಎಂತದಿಲ್ಲೆ."

"ಎಂತದಿಲ್ದೆ ಎಡ್‌ಗೈಯಗೆ ಚಾ ಹಿಡಿತ್ರ್ಯಾ?"

"ಮೆಲ್ಲ ಮಾತಾಡ್ ಮಾರಾಯ್ತಿ. ಕೈ ಒಂಚೂರ್ ಉಳ್ಕಿತ್ ಕಾಣ್ತ್."

ಜಲಜ ಕತ್ತಿ ಕೆಳಗಿಟ್ಟಳು. "ಅದಕ್ಕೆ ಹೆದ್ರೂದ್ ಎಂತಕೆ? ಊರಿಗೆಲ್ಲ ಮೆಟ್ತ್ರಿ. ನಿಮ್ಗ್ ನೀವೇ ಒಂದ್ ಮೆಟ್ಟಿಕಣಿ."

ಮಾತಿನಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಭೋಜರಾಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತನ್ನ ಬಲಗೈಯನ್ನು ತನ್ನದೇ ಬಲಗಾಲಿನಿಂದ ಒದೆಯುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಓದುವುದನ್ನು ನಿಲ್ಲಿಸಿ ಒಮ್ಮೆ ಪ್ರಯತ್ನಿಸಬಹುದು. ಕೈಯನ್ನು ನೆಲಕ್ಕಿಟ್ಟರೆ ಕಾಲಿಗೆ ಎತ್ತರ ಸಿಗುವುದಿಲ್ಲ. ಕಾಲನ್ನು ಎತ್ತಿದರೆ ಕೈ ತಾನಾಗಿ ಗೋಡೆ ಹಿಡಿಯಲು ಓಡುತ್ತದೆ. ಮೊದಲ ಏಟು ಅಕ್ಕಿ ಮುಡಿಗೆ, ಎರಡನೆಯದು ಕಪಾಟಿಗೆ, ಮೂರನೆಯದು ಸರಿಯಾಗಿ ಮಣಿಕಟ್ಟಿಗೇ ಬಿತ್ತು. ಅವನು ಬಾಯಿಯೊಳಗೆ ಹೆಗಲ ಮೇಲಿನ ಬೈರಾಸು ತುರುಕಿಕೊಂಡು ಕೂಗಿದ. ಬೈರಾಸಿನಲ್ಲಿ ತೂತಾಯಿತು.

ಅಷ್ಟರಲ್ಲಿ ಬೇಲಿಯಾಚೆಯಿಂದ ದನಿ: "ಹ್ವಾಯ್ ಭೋಜಣ್ಣ!"

ದೇವು. ಪಕ್ಕದ ಮನೆಯವ, ಬಳಗದ ಅಧ್ಯಕ್ಷ. ಇನ್ನೊಬ್ಬರ ಮನೆಯ ಒಗ್ಗರಣೆಗೆ ಸಾಸಿವೆ ಎಷ್ಟು ಬಿತ್ತೆಂದು ತನ್ನ ಮನೆಯಲ್ಲಿ ಕೂತು ಎಣಿಸುವ ಜಾತಿ. ಭೋಜರಾಜ ಗಡಬಡಿಸಿ ಕೈಯನ್ನು ಪಂಚೆಯ ಮಡಿಲಿಗೆ ತುರುಕಿ ಹೊರಗೆ ಬಂದ.

"ಸಂಜಿಗೆ ಹಣ್ಣಿನ ಬುಟ್ಟಿ ಎರಡ್ ಕೈಯಗೆ ತಕಣ್ಕ್. ಫೋಟೋದವ ಹೇಳಿದ್ದ. ಒಂದ್ಸಲ ಮಾಡಿ ತೋರ್ಸಿ ಕಾಂಬ," ಎಂದ ದೇವು.

"ಅದೆಲ್ಲ ಬತ್ತ್ ನಂಗೆ."

"ಮಡಿಲಗೆ ಎಂತ ಅಡ್ಗ್ಸಿದ್ದ್?"

"ಎಂತದಿಲ್ಲೆ. ಒಂದ್ ಮಾಂಜಿ."

ಮಾಂಜಿ ಎಂದರೆ ಕೋಡಿಯಲ್ಲಿ ಮೀನಲ್ಲ, ಬಂಗಾರ. ದೇವು ಬೇಲಿ ದಾಟಿ ಒಳಗೇ ಬಂದ. "ಮಾಂಜಿಯಾ? ಈ ಟೈಮಿಗೆ? ಕಾಂಬ ಕಾಂಬ! ಎಷ್ಟ್ ದೊಡ್ಡದ್? ಹ್ವಾಯ್, ಅದ್ ಅಲ್ಲಾಡ್ತಿತ್ತಲೆ! ಜೀವ ಇತ್ತಾ?"

ಅಲ್ಲಾಡುತ್ತಿದ್ದದ್ದು ನೋವಿಗೆ ನಡುಗುತ್ತಿದ್ದ ಬೆರಳುಗಳು. ದೇವುವಿನ ಕೈ ಮಡಿಲಿನತ್ತ ಬರುತ್ತಿದ್ದಂತೆ ಭೋಜರಾಜನ ಬಾಯಿಗೆ ಇನ್ನೊಂದು ಸುಳ್ಳು ಬಂತು. "ಪುರ್ಸೊತ್ತಿಲ್ಲೆ ಮಾರಾಯ. ತಲ್ಲೂರಿಗೆ ಹೋಯ್ಕ್. ದೋಣಿಗೊಂದ್ ಹಲ್ಗಿ ಬೇಕಿತ್ತ್, ಮರದ್ ಮಿಲ್ಲಗೆ ಕಂಡ್ಕಂಡ್ ಬತ್ತೆ."

"ಸನ್ಮಾನದ್ ದಿನವಾ? ದೋಣಿಗೆ ಎಂತ ಆಯ್ತ್?"

ಭೋಜರಾಜ ಆಗಲೇ ಬಸ್ಸಿನ ದಾರಿ ಹಿಡಿದಿದ್ದ.

ಡಾಕ್ಟರಿಗೆ ಕೈ ತೋರಿಸಲು ತಲ್ಲೂರನ್ನು ಅವನು ಆರಿಸಿದ್ದು ಅಲ್ಲಿ ತನ್ನ ಕಾಲಿನ ಗುರುತು ಕಡಿಮೆ ಎಂದು. ದಾರಿಯಲ್ಲಿ ಅವನಿಗೆ ಐವತ್ತೈದು ವರ್ಷದಲ್ಲಿ ಗೊತ್ತಾಗದ್ದೊಂದು ಗೊತ್ತಾಯಿತು: ಕೈ ಅಂದರೆ ಹೆಬ್ಬೆರಳು, ಉಳಿದ ನಾಲ್ಕು ಬೆರಳು ಅದರ ಸಂಬಳದಾಳುಗಳು. ಹೆಬ್ಬೆರಳು ಮುಷ್ಕರ ಹೂಡಿದರೆ ಅಂಗಿಯ ಗುಂಡಿ ಬೀಳುವುದಿಲ್ಲ, ಪಂಚೆಯ ಗಂಟು ನಿಲ್ಲುವುದಿಲ್ಲ, ಮೊಬೈಲು ಒತ್ತಲಾಗುವುದಿಲ್ಲ, ಬಸ್ಸಿನ ಕಂಬಿ ಹಿಡಿಯಲಾಗುವುದಿಲ್ಲ. ರಾಜಾಡಿ ಸೇತುವೆ ದಾಟುವಷ್ಟರಲ್ಲಿ ಅವನು ಎರಡು ಸಲ ಪಕ್ಕದವರ ಮಡಿಲಲ್ಲಿ ಕೂತಿದ್ದ.

ಹೆದ್ದಾರಿ ಬದಿಯ ಸಣ್ಣ ಕ್ಲಿನಿಕ್. ಡಾಕ್ಟರು ಶ್ರಾವ್ಯ, ಕೋಟದ ಕಡೆಯವರು, ಎಲುಬಿನ ಡಾಕ್ಟರು. ಒಟ್ಟಿಗೆ ತುಂಗಾ ಎಂಬ ನರ್ಸು.

"ಬಿದ್ದದ್ದ್ ಹ್ಯಾಂಗೆ?"

"ಬಿದ್ದದ್ದಲ್ಲ. ಕೂಕಂಬುಕೆ ಹೋದ್ದ್, ನೆಲ ಒಂಚೂರ್ ಬೇಗ ಬಂತ್."

ಡಾಕ್ಟರು ಅವನ ಹೆಬ್ಬೆರಳನ್ನು ಎತ್ತಿಸಿ, ಎಲ್ಲ ಬಿಟ್ಟು ಆ ನಶ್ಯದ ಗುಳಿಯನ್ನೇ ಒತ್ತಿದರು. ಭೋಜರಾಜನ ಕೂಗಿಗೆ ಹೊರಗೆ ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿ ಬ್ರೇಕು ಹಾಕಿತು.

"ನಶ್ಯ ಹಾಕು ಜಾಗದಗೆ ನೋವಿದ್ರೆ ಉಳ್ಕ್ ಅಂದ್ಕಂಡ್ ಕೂಕಂಬುಕಾಗ," ಎಂದು ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. "ಕಾಣಿ, ಮಣಿಕಟ್ಟಿನಗೆ ಎಂಟ್ ಸಣ್ಣ ಸಣ್ಣ ಎಲುಬಿತ್ತ್, ಎರಡ್ ಸಾಲಗೆ, ನದಿಯಗೆ ಕಲ್ಲ್ ಜೋಡ್ಸಿದಂಗೆ. ಅದ್ರಗೆ ಹೆಬ್ಬೆಟ್ಟಿನ ಬುಡದಗೆ ಇಪ್ಪುದ್ ಇದೊಂದ್, ಆಕಾರ ದೋಣಿ ಕಣಂಗೆ. ಅದ್ರ ಹೆಸ್ರೇ ದೋಣಿ ಎಲುಬ್. ಕೈ ಊರಿ ಬಿದ್ರೆ ಹೆಚ್ಚಾಗಿ ಮುರೂದ್ ಇದೇ. ನಿಮ್ಮ ದೋಣಿ ನಡು ಮಧ್ಯ ತುಂಡಾಯ್ತ್."

ಭೋಜರಾಜ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿದ. ನಿಜ, ಸಣ್ಣದೊಂದು ದೋಣಿ, ನಡುವೆ ಕೂದಲೆಳೆಯ ಗೆರೆ. ಅರ್ಧ ಶತಮಾನದಿಂದ ತಾನು ದೋಣಿಯೊಳಗೆ ಕೂತಿದ್ದರೆ, ತನ್ನೊಳಗೂ ಒಂದು ದೋಣಿ ಕೂತಿತ್ತೆಂದು ಅವನಿಗೆ ಒಂದು ಕ್ಷಣ ಹೆಮ್ಮೆಯಾಯಿತು.

"ಒಂದ್ ವಾರದಗೆ ಕೂಡತ್ತಾ?"

"ವಾರವಾ? ಬೇರೆ ಎಲುಬಿನ ಕಣಂಗಲ್ಲ ಇದ್. ಇದಕ್ಕೆ ರಕ್ತ ತುದಿಯಗೆ ಒಳ್ಗ್ ಹೊಕ್ಕಿ ಹಿಂದೆ ಬಪ್ಪುದ್, ಉಲ್ಟಾ. ಅದಕ್ಕೇ ಕೂಡುದ್ ನಿಧಾನ. ಎರಡ್ ಮೂರ್ ತಿಂಗ್ಳ್ ಹಿಡಿಗ್."

"ಉಲ್ಟಾವಾ? ನಾನೂ ಉಲ್ಟಾ ಹುಟ್ಟದ್ದೇ," ಎಂದ ಭೋಜರಾಜ, ತಡೆಯಲಾರದೆ.

"ಹಾಂಗಾರೆ ಇಬ್ರೂ ಹೊಂದ್ಕಂಡ್ ಇರಿ. ಒಂದ್ ಮಾತ್: ಈ ಕೈಗೆ ಏನೂ ತಾಗುಕಾಗ. ಒಂದ್ ಪೆಟ್ಟ್ ಬಿದ್ರೆ ದೋಣಿ ಮತ್ತೆ ಕೂಡುದೇ ಇಲ್ಲೆ, ಆಪರೇಷನ್ನೇ."

ತುಂಗಾ ಪ್ಲಾಸ್ಟರು ಸುತ್ತತೊಡಗಿದಳು. ಮೊಣಕೈಯ ಕೆಳಗಿಂದ ಹಿಡಿದು ಹೆಬ್ಬೆರಳನ್ನೂ ಸೇರಿಸಿ, ಬೆರಳು ಮೇಲಕ್ಕೆ ನೆಟ್ಟಗೆ. ಅಷ್ಟರಲ್ಲಿ ಭೋಜರಾಜನ ಕಿಸೆಯಲ್ಲಿ ಮೊಬೈಲು ಕೂಗಿತು. ಅವನ ಒಂದು ಕೈ ಸುಣ್ಣದಲ್ಲಿ, ಇನ್ನೊಂದು ಪಂಚೆಯ ಗಂಟಿನಲ್ಲಿ. ತುಂಗಾಳೇ ತೆಗೆದು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಹಲೋ... ಹೌದ್, ಅವ್ರ್ ಇಲ್ಲೇ ಇದ್ರ್... ಈಗ ಮಾತಾಡುಕಾತಿಲ್ಲೆ. ಅವ್ರ್ ದೋಣಿ ಮುರ್ದಿತ್... ಹೌದ್, ನಡು ಮಧ್ಯಕ್ಕೇ. ಪಟ್ಟಿ ಹಾಕ್ತಾ ಇತ್ತ್... ಬೇಜಾರಾ? ಇಪ್ಪುದಲ್ದಾ, ಕಣ್ಣಗೆ ನೀರ್ ಬತ್ತಿತ್ತ್ ಪಾಪ."

"ಯಾರ್?" ಎಂದ ಭೋಜರಾಜ.

"ದೇವು ಅಂಬ್ರ್."

ಭೋಜರಾಜ ಎದ್ದೇಬಿಟ್ಟ, ಮರುಕ್ಷಣ ಸಮಾಧಾನದಿಂದ ಕೂತ. ನರ್ಸು ಪುಣ್ಯಾತ್ಗಿತ್ತಿ, 'ಕೈ' ಎಂಬ ಶಬ್ದವನ್ನೇ ಎತ್ತಲಿಲ್ಲ.

ಹೆದ್ದಾರಿಗೆ ಬಂದು ನಿಂತ. ಎಡಗೈಯಿಂದ ಬಲಗೈಯನ್ನು ಎದೆಯ ಎತ್ತರಕ್ಕೆ ಹಿಡಿದುಕೊಂಡಿದ್ದ, ಡಾಕ್ಟರು ಹೇಳಿದಂತೆ. ಬಿಳಿ ಹೆಬ್ಬೆರಳು ಆಕಾಶ ನೋಡುತ್ತಿತ್ತು. ಮೊದಲು ಒಂದು ಲಾರಿ ನಿಂತಿತು. ಅದರ ಹಿಂದೆ ಎಕ್ಸ್‌ಪ್ರೆಸ್ ಬಸ್ಸು, ಅದರ ಹಿಂದೆ ಮೀನಿನ ಟೆಂಪೊ, ಅದರ ಹಿಂದೆ ಮದುವೆಯ ದಿಬ್ಬಣ. ಎಲ್ಲರಿಗೂ ಅವನು ಕೈ ತೋರಿಸಿದ್ದಾನೆಂದೇ ಲೆಕ್ಕ. ಅತ್ತ ಹೆಮ್ಮಾಡಿ, ಇತ್ತ ಕುಂದಾಪುರದವರೆಗೆ ಗಾಡಿಗಳು ಕಟ್ಟಿಕೊಂಡವೆಂದು ಕಂಡವರು ಈಗಲೂ ಹೇಳುತ್ತಾರೆ. ಭೋಜರಾಜ ಹೆದರಿ ಟೆಂಪೊ ಹತ್ತಿ, ಬೈರಾಸಿನಿಂದ ಕೈಯನ್ನು ಸುತ್ತಿಕೊಂಡ.

ಕೋಡಿಗೆ ಬಂದರೆ ಊರಿನಲ್ಲಿ ಒಂದು ನರಪಿಳ್ಳೆಯಿಲ್ಲ. ಇಡೀ ಊರು ಕಡಲ ತೀರದಲ್ಲಿ ಅವನ ದೋಣಿಯ ಸುತ್ತ ನಿಂತಿತ್ತು. ದೋಣಿ ಎಂದರೆ ಈಗ ದೋಣಿಯಲ್ಲ. ಒಂದು ಕಡೆ ಮೂತಿ, ಒಂದು ಕಡೆ ಹಿಂಬದಿ, ನಡುವೆ ಕೊಯ್ದ ಮೀನಿನ ಮುಳ್ಳಿನ ಹಾಗೆ ಹಲಗೆಗಳು. ಅವುಗಳ ನಡುವೆ ಉಳಿ ಹಿಡಿದು ಬೆವರು ಒರೆಸುತ್ತ ನಿಂತವ ದೋಣಿ ಕಟ್ಟುವ ಆಚಾರಿ ಐತ.

ದೇವು ಓಡಿಬಂದ. "ಭೋಜಣ್ಣ! ನೀವ್ ಹೇಳ್ದಿದ್ರೂ ನಮ್ಗ್ ಗೊತ್ತಾಯ್ತ್. ಸನ್ಮಾನದ್ ಖುಷಿ ಹಾಳಾಪ್ದ್ ಬ್ಯಾಡ ಅಂದ್ಕಂಡ್ ದೋಣಿ ಮುರ್ದದ್ದ್ ಮುಚ್ಚಿಟ್ರಿ ಅಲ್ದಾ? ಎಂಥಾ ದೊಡ್ಡ ಮನ್ಸ್! ಬಳಗದವ್ರೆಲ್ಲ ಸೇರಿ ದಡಕ್ಕ್ ಎಳ್ದ್, ಎತ್ತಿ, ಮಗ್ಚಿ ಹಾಕಿತ್. ರಿಪೇರಿ ನಮ್ಮ ಲೆಕ್ಕ!"

"ಆರೆ ಮುರ್ದದ್ದ್ ಎಲ್ಲಿ ಅಂದೇ ಸಿಕ್ಕಲ್ಲ," ಎಂದ ಐತ. "ಹೊರ್ಗ್ ಕಂಡೆ, ಒಳ್ಗ್ ಕಂಡೆ, ಕಡಿಗೆ ಹಲ್ಗಿ ಬಿಚ್ಚಿ ಬಿಚ್ಚಿ ಕಂಡೆ. ನಡು ಮಧ್ಯ ಅಂದ್ರಂಬ್ರಲೆ, ಅದಕ್ಕೆ ನಡು ಮಧ್ಯ ಒಂದ್ ಕೊಯ್ದೂ ಕಂಡೆ. ಮರ ಕಲ್ಲಿನಂಗಿತ್ತ್! ಹೇಳಿ ಮರ್ರೆ, ಎಲ್ಲಿ ಮುರ್ದದ್ದ್?"

ಭೋಜರಾಜ ದೋಣಿಯ ತುಂಡುಗಳನ್ನು ಎಣಿಸತೊಡಗಿದ. ದೇವು ಸಮಾಧಾನ ಮಾಡಲೆಂದು ಅವನ ಬಲಗೈಯನ್ನೇ ಎರಡೂ ಕೈಯಿಂದ ಹಿಡಿದು ಕುಲುಕಿದ. ಕೂಗು ಎದ್ದಿತು, ಬೈರಾಸು ಬಿತ್ತು. ಬಿಳಿ ಹೆಬ್ಬೆರಳು ಊರಿನ ಮುಂದೆ ದೀಪಸ್ತಂಭದ ಹಾಗೆ ಎದ್ದು ನಿಂತಿತು.

"ಇಲ್ಲಿ," ಎಂದ ಭೋಜರಾಜ ಕ್ಷೀಣವಾಗಿ. "ಇದ್ರೊಳ್ಗೆ ಒಂದ್ ದೋಣಿ ಇತ್ತ್."

ಕತೆ ಪೂರ್ತಿ ಹೊರಬಿತ್ತು. ಜಲಜ ತಲೆಗೆ ಕೈಹೊತ್ತು ಕೂತಳು. ಅವಳ ಗಂಡನಿಗೆ ಆ ಸೌಕರ್ಯವೂ ಇರಲಿಲ್ಲ. ಗುಂಪಿನಲ್ಲಿ ಗುಸುಗುಸು. "ಕಾಲಗೆ ಅಷ್ಟ್ ಗುಣ ಇದ್ದವ್ನಿಗೆ ಡಾಕ್ಟ್ರ್ ಎಂತಕೆ?" "ಅದೇ ಕಾಲ್ ಜಾರಿ ಬಿದ್ದದ್ದಂಬ್ರ್!" ದೇವು ಸಂಕಟಕ್ಕೆ ಸಿಕ್ಕಿದ. ಶಾಲು ಬಂದಿದೆ, ಬುಟ್ಟಿ ಬಂದಿದೆ, ಬಾಗಿಲಗಲದ ಪಾದ ರಸ್ತೆಯಲ್ಲಿ ನಿಂತಿದೆ. ಸನ್ಮಾನವೇ ಸುಳ್ಳಾದರೆ ಅಧ್ಯಕ್ಷನ ಮರ್ಯಾದೆ?

ಸರಿಯಾದ ಹೊತ್ತಿಗೆ ಒಂದು ರಿಕ್ಷಾ ಬಂತು. ಸನ್ಮಾನದ ಮುಖ್ಯ ಅತಿಥಿ, ಗುಲ್ವಾಡಿಯ ವನಜಮ್ಮ. ಭೋಜರಾಜನ ಹೆರಿಗೆ ಮಾಡಿಸಿದ ಸೂಲಗಿತ್ತಿ. ತೊಂಬತ್ತು ದಾಟಿದರೂ ನೆನಪು ಹೊಸ ಬ್ಲೇಡು. ಅವನ ಕಾಲನ್ನು ಲೋಕದಲ್ಲಿ ಮೊದಲು ಕಂಡವರೆಂದೇ ಆಕೆಯನ್ನು ಕರೆಸಿದ್ದು.

ದೇವು ಮೈಕನ್ನು ದಡಕ್ಕೇ ತರಿಸಿದ. "ಊರವ್ರಿಗೆ ಸಂಶಯ ಬಂದಿತ್. ಅಜ್ಜಿ, ನೀವೇ ಹೇಳಿ. ಈ ಭೋಜಣ್ಣ ಹುಟ್ಟುಕೆ ಮೊದ್ಲ್ ಹೊರ್ಗ್ ಕಂಡದ್ದ್ ಎಂತ?"

ವನಜಮ್ಮ ಭೋಜರಾಜನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಾಲಿನಿಂದ ವಾಪಸ್ ಬಂದು ಪ್ಲಾಸ್ಟರಿನ ಹತ್ತಿರ ನಿಂತರು.

"ಇದೇ," ಎಂದರು.

"ಎಂತ ಇದೇ?"

"ಈ ಕೈ ಮಾರಾಯ. ಹೆಬ್ಬೆಟ್ಟ್ ಹೀಂಗೇ ಮೇಲ್ ಮಾಡ್ಕಂಡ್ ಬಂದದ್ದ್. ಹಿಂದೆ ತಲೆ. ಕೆನ್ನಿಗೆ ಕೈ ಕೊಟ್ಕಂಡ್, ಚಿಂತಿ ಮಾಡ್ತಾ ಹುಟ್ಟದ್ದ್ ಇವ."

"ಕಾಲಲ್ದಾ?"

"ಯಾವ್ ಕಾಲ್? ನಾನ್ ಒಳ್ಗಿಂದ 'ಕೈ ಕಂಡಿತ್, ಕೈ ಕಂಡಿತ್' ಅಂದೆ. ಹೊರ್ಗಿದ್ದ ಇವ್ನ್ ಅಪ್ಪ, ಕಡ್ಲಿನ್ ಶಬ್ದದಗೆ ಅರ್ಧ ಕೆಮಿ ಹೋದವ, 'ಕಾಲ್ ಕಂಡಿತ್' ಅಂದ್ಕಂಡ್ ಊರಿಗೆಲ್ಲ ಬೆಲ್ಲ ಹಂಚಿಯೂ ಆಯ್ತ್. ಹಂಚಿದ್ ಬೆಲ್ಲ ವಾಪಸ್ ತಕಂಬುಕಾತ್ತಾ?"

ಕಡಲೂ ಒಂದು ತೆರೆಯನ್ನು ತಡೆಹಿಡಿಯಿತು. ನಲವತ್ತು ವರ್ಷ ಒದೆಸಿಕೊಂಡ ಸೊಂಟಗಳೆಲ್ಲ ಒಮ್ಮೆಲೇ ನೆಟ್ಟಗಾದವು. ಮೊದಲು ಮಾತಾಡಿದವ ಐತ. ಉಳಿಯನ್ನು ಮರಳಿಗೆ ಚುಚ್ಚಿ, "ಹಾಂಗಾರೆ ನಂಗೆ ಮೆಟ್ಟದ್ದೆಲ್ಲ ಬರೀ ಮೆಟ್ಟದ್ದಾ?" ಎಂದ. ಹಿಂದಿನಿಂದ ಇನ್ನೊಂದು ದನಿ: "ಕೊಟ್ಟದ್ದನ್ನ ವಾಪಸ್ ತಕಂತ್ರಾ ಕೇಣಿ!" ಗುಂಪು ಒಂದು ಹೆಜ್ಜೆ ಮುಂದೆ ಬಂತು. ಎಲ್ಲರ ಬಲಗಾಲೂ ಮುಂದಿತ್ತು.

ಭೋಜರಾಜ ಕಣ್ಣು ಮುಚ್ಚಿದ.

ಆಗ ಅವನನ್ನು ಉಳಿಸಿದವ ದೇವು. ಅಧ್ಯಕ್ಷಗಿರಿ ಸುಮ್ಮನೆ ಬರುವುದಿಲ್ಲ. ಮೈಕು ಹಿಡಿದು ಕೂಗಿದ: "ಹ್ವಾಯ್, ನಿಲ್ಲಿ! ಒಂದ್ ಮಾತ್ ಕೇಣಿ! ಕಾಲ್ ಮುಂದಾಯಿ ಹುಟ್ಟದವ್ರಿಗೆ ಗುಣ ಎಲ್ಲಿ?"

"ಕಾಲಗೆ!" ಎಂದಿತು ಊರು.

"ಕೈ ಮುಂದಾಯಿ ಹುಟ್ಟದವ್ರಿಗೆ?"

ಊರು ಯೋಚಿಸಿತು. ಯೋಚಿಸಿದ ಹಾಗೆ ಮುಖಗಳು ಅರಳಿದವು. "ಕೈಯಗೆ!"

"ಮತ್ತೆಂತ! ಕಾಲಗೇ ಇಷ್ಟ್ ಜನ್ರಿಗೆ ಗುಣ ಆದ್ರೆ, ಅಸಲಿ ಕೈಯಗೆ ಎಷ್ಟ್ ಆಯ್ಕ್ ಲೆಕ್ಕ ಹಾಕಿ!"

ಚಪ್ಪಾಳೆಗೆ ಕಾಗೆಗಳು ಎದ್ದು ಭಟ್ಕಳದ ಕಡೆ ಹೋದವು. ಯಾರೋ ಓಡಿ ಫ್ಲೆಕ್ಸಿನ 'ಪಾದ'ದ ಮೇಲೆ ಕಾಗದ ಅಂಟಿಸಿ 'ಹಸ್ತ' ಎಂದು ಬರೆದರು. ಕೆಳಗಿನ ಚಿತ್ರಕ್ಕೆ ಮಾತ್ರ ಏನೂ ಮಾಡಲಾಗಲಿಲ್ಲ. ವನಜಮ್ಮ ಶಾಲು ಹೊದಿಸಿದರು. ಹಣ್ಣಿನ ಬುಟ್ಟಿಯನ್ನು ಎರಡು ಕೈಯಲ್ಲಿ ಹಿಡಿಯಲಾಗದ್ದರಿಂದ ಎಡಗೈಗೆ ಕೊಟ್ಟರು. ಭೋಜರಾಜನ ಕಣ್ಣು ತುಂಬಿತು. ದೋಣಿ ಹೋದರೇನು, ಗೌರವ ಉಳಿಯಿತು. ಉಳಿದದ್ದಲ್ಲ, ಪಾದದಿಂದ ಹಸ್ತಕ್ಕೆ ಏರಿತು. ಎದೆ ಉಬ್ಬಿ ಅಂಗಿಯ ಹಾಕದ ಗುಂಡಿಗಳು ಇನ್ನಷ್ಟು ದೂರವಾದವು.

ಅಷ್ಟರಲ್ಲಿ ದೇವು ಮೈಕನ್ನು ಐತನ ಕೈಗೆ ಕೊಟ್ಟು, ಅವನ ಮುಂದೆ ಬಂದು ಬಾಗಿ ನಿಂತ.

"ಎಂತ ದೇವು?"

"ಬೆಳಿಗ್ಗಿಂದ ನಿಮ್ಮ ದೋಣಿ ಎತ್ತಿ ಎತ್ತಿ ಸೊಂಟ ಉಳ್ಕಿತ್ ಭೋಜಣ್ಣ. ಕೈಯಗೆ ಒಂದ್ ಮೂರ್ ಜಪ್ಪಿ."

ಭೋಜರಾಜ ತಲೆ ಎತ್ತಿದ. ದೇವುವಿನ ಹಿಂದೆ, ದೋಣಿ ಎಳೆದವರು, ಎತ್ತಿದವರು, ಮಗುಚಿದವರು, ಸೊಂಟ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಸಾಲು ಲೈಟ್‌ಹೌಸಿನವರೆಗೆ ಇತ್ತು.

"ಎಡ್‌ಗೈ... ಎಡ್‌ಗೈ ಆತ್ತಲ್ದಾ?" ಎಂದ.

ಊರೆಲ್ಲ ವನಜಮ್ಮನ ಕಡೆ ತಿರುಗಿತು. ಐತ ಮೈಕನ್ನು ಅವರ ಬಾಯಿಗೆ ಹಿಡಿದ.

"ಬಲ್‌ಗೈ," ಎಂದರು ವನಜಮ್ಮ, ಖಡಾಖಂಡಿತ.

ಒಬ್ಬರು ಶಾಲು ಸರಿಸಿದರು, ಒಬ್ಬರು ಬುಟ್ಟಿ ತೆಗೆದುಕೊಂಡರು, ಇಬ್ಬರು ಗೌರವದಿಂದ ಪ್ಲಾಸ್ಟರಿನ ಕೈಯನ್ನು ಮೇಲೆತ್ತಿ ಬಿಟ್ಟರು. ಠಣ್ ಎಂದಿತು. ದೇವು ಬಾಣದ ಹಾಗೆ ಸೆಟೆದು ನಿಂತು, "ಹೋಯ್ತ್! ಒಂದೇ ಪೆಟ್ಟಿಗೆ ಹೋಯ್ತ್!" ಎಂದು ಕುಣಿದ. "ಕಾಲಿಗಿಂತ ಎಷ್ಟೋ ಜೋರಿತ್ ಮರ್ರೆ! ಸಿಮೆಂಟ್ ಹಾಕ್ಸ್ಕಂಡ್ ಬಂದದ್ದ್ ಲಾಯ್ಕಾಯ್ತ್!"

ಭೋಜರಾಜ ಎಡಗೈಯಿಂದ ಸನ್ಮಾನದ ಶಾಲನ್ನು ಬಾಯಿಗೆ ತುರುಕಿಕೊಂಡ.

"ಎಂತ ಭೋಜಣ್ಣ, ನಿಮ್ಗೆ ಏನೂ ತೊಂದ್ರಿ ಇಲ್ಲೆ ಅಲ್ದಾ?"

ಉತ್ತರಕ್ಕೆ ಊರು ಅವನ ಕೈ ನೋಡಿತು. ಬಿಳಿ ಹೆಬ್ಬೆರಳು ನೆಟ್ಟಗೆ ಮೇಲಕ್ಕಿತ್ತು, ಎಲ್ಲ ಭೇಷಾಗಿದೆ ಎಂಬಂತೆ.

ಮುಂದಿನವ ಬಂದು ಬಾಗಿದ.